ಬೀರುವಿನ ಬೀಗ, ಕೆಂಪು ಶಾಯಿ

ಒಂದು ತಾಲ್ಲೂಕು ಆಸ್ಪತ್ರೆ. ಹೆಸರು ಬೇಡ, ಹೇಳಿದರೆ ಉಳಿದ ತಾಲ್ಲೂಕುಗಳವರು ತಮ್ಮನ್ನು ಬಿಟ್ಟು ಬರೆದೆನೆಂದು ಬೇಸರಪಟ್ಟುಕೊಳ್ಳುತ್ತಾರೆ. ಅಲ್ಲಿನ ಔಷಧ ಉಗ್ರಾಣದ ಮೂಲೆಯಲ್ಲಿ ಒಂದು ಹಸಿರು ಬಣ್ಣದ ಉಕ್ಕಿನ ಬೀರು ಇದೆ. ಎಚ್‌ಐವಿ ವಿಚಾರದಲ್ಲಿ ವೈದ್ಯರಿಗೂ ದಾದಿಯರಿಗೂ ಏನೇನು ಬೇಕೋ ಅದೆಲ್ಲ ಆ ಬೀರುವಿನಲ್ಲಿದೆ. 2021ರಲ್ಲಿ ಬಂದ ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಯ ದಪ್ಪ ಪುಸ್ತಕವಿದೆ. ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆ ಮದುಮಗಳ ಸೆರಗಿನಷ್ಟು ಭದ್ರವಾಗಿದೆ. ತರಬೇತಿಯಲ್ಲಿ ಹಂಚಿದ ಪೆನ್ ಡ್ರೈವ್ ಇದೆ, ಗೋಡೆಗೆ ಏರಬೇಕಾಗಿದ್ದ ಭಿತ್ತಿಪತ್ರಗಳ ಸುರುಳಿ ಇದೆ, 2017ರ ಎಚ್‌ಐವಿ ಕಾಯ್ದೆಯ ಪ್ರತಿ ಇದೆ. ಕೆಳಗಿನ ಅರೆಯಲ್ಲಿ, ಸೂಜಿ ಚುಚ್ಚಿಕೊಂಡ ಸಿಬ್ಬಂದಿಗೆ ಕೊಡುವ ಮಾತ್ರೆಯ ಡಬ್ಬಿಯೂ ಇದೆ. ಬೀರುವಿಗೆ ಬೀಗವಿದೆ. ಕೀಲಿ ಉಗ್ರಾಣಪಾಲಕರ ಸೊಂಟದಲ್ಲಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಕಟ್ಟಿದವರು ಆಸ್ಪತ್ರೆಯ ಉಗ್ರಾಣವನ್ನು ನೋಡಿಯೇ ಕಟ್ಟಿರಬೇಕು.

ಇದೆಲ್ಲ ನನಗೆ ಗೊತ್ತಾದದ್ದು ಚಿಕ್ಕಮ್ಮನ ಮಗಳಿಂದ. ಅವಳು ಅಲ್ಲಿ ಶುಶ್ರೂಷಾಧಿಕಾರಿ. ಸಿಸ್ಟರ್ ಎಂಬ ಹಳೆಯ ಹೆಸರು ಹೋಗಿ ಈ ದೊಡ್ಡ ಪದನಾಮ ಬಂದಿದೆ. ಕೈಗವಸು ಬರುವುದು ಮಾತ್ರ ಬಾಕಿ ಇದೆ.

ಆ ಭಾನುವಾರ ರಾತ್ರಿ ಅವಳ ವಾರ್ಡಿನಲ್ಲಿದ್ದ ಇಬ್ಬರು ಈ ಕತೆಗೆ ಮುಖ್ಯರು. ಒಬ್ಬರು ಕಿಟಕಿ ಪಕ್ಕದ ಹಾಸಿಗೆಯವರು, ಮಧ್ಯವಯಸ್ಸಿನವರು, ವಾಂತಿಭೇದಿಗೆಂದು ಸೇರಿದ್ದವರು. ವರ್ಷಗಳಿಂದ ಎಆರ್‌ಟಿ ಕೇಂದ್ರದ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಔಷಧ ಕೊಡುವ ಕೇಂದ್ರದ, ಮಾತ್ರೆಯನ್ನು ಒಂದು ದಿನವೂ ತಪ್ಪಿಸದೆ ನುಂಗುತ್ತಾ ಬಂದಿದ್ದಾರೆ. ಅವರ ರಕ್ತದಲ್ಲಿ ವೈರಾಣು ಪರೀಕ್ಷೆಗೂ ಸಿಗದಷ್ಟು ಕೆಳಗಿಳಿದಿದೆ. ಹಾಗೆ ಇಳಿದವರಿಂದ ಸಂಗಾತಿಗೂ ಸೋಂಕು ದಾಟುವುದಿಲ್ಲವೆಂದು ವೈದ್ಯಲೋಕ ಒಪ್ಪಿ ವರ್ಷಗಳಾದವು. ಅವರ ಕೇಸ್ ಶೀಟಿಗೆ ಮಾತ್ರ ಅದು ತಿಳಿದಿಲ್ಲ. ಅದರ ನೆತ್ತಿಯ ಮೇಲೆ ಕೆಂಪು ಶಾಯಿಯ ದಪ್ಪ ವೃತ್ತ, ವೃತ್ತದ ಕೆಳಗೆ ಅಷ್ಟೇ ದಪ್ಪ ಅಕ್ಷರದಲ್ಲಿ 'ಗೌಪ್ಯ'. ಊಟದ ಗಾಡಿ ತಳ್ಳುವ ಹುಡುಗನೂ ಬಾಗಿಲಲ್ಲಿ ನಿಂತೇ ಓದಿಕೊಳ್ಳಬಹುದಾದ ಗೌಪ್ಯ.

ಬೆಳಗಿನಿಂದ ಅವರ ಹಾಸಿಗೆಯ ಬಳಿ ಹೋದವರೆಲ್ಲ ಎರಡೆರಡು ಜೊತೆ ಕೈಗವಸು ತೊಟ್ಟರು. ಜ್ವರ ನೋಡಲು ಎರಡು ಜೊತೆ, ಡ್ರಿಪ್ಪಿನ ಬಾಟಲಿ ಬದಲಿಸಲು ಎರಡು ಜೊತೆ, ದಿಂಬು ಸರಿಸಲು ಎರಡು ಜೊತೆ. ಸಂಜೆಯ ಹೊತ್ತಿಗೆ ಪೆಟ್ಟಿಗೆಯಲ್ಲಿ ಉಳಿದದ್ದು ಪೌಡರಿನ ವಾಸನೆ.

ಇನ್ನೊಬ್ಬ, ರಾತ್ರಿ ಹತ್ತೂವರೆಗೆ ಬಂದ ಬೈಕ್ ಅಪಘಾತದ ಹುಡುಗ. ಅಂಗಿಯೆಲ್ಲ ರಕ್ತ. ಅವನ ಹಾಳೆ ಮಾತ್ರ ಬೆಳ್ಳಗಿತ್ತು, ಕೆಂಪು ಶಾಯಿಯ ಒಂದು ಚುಕ್ಕೆಯೂ ಇರಲಿಲ್ಲ. ಆದ್ದರಿಂದ ಅವನು ಶುದ್ಧ. ಬರಿಗೈಯಲ್ಲೇ ಸೂಜಿ ಹಾಕಿದರು. ಅವನು ನೋವಿಗೆ ಹೊರಳಿದ. ಸೂಜಿ ನನ್ನ ತಂಗಿಯ ಹೆಬ್ಬೆರಳಿಗೆ ಇಳಿಯಿತು. ಅವಳು ಕೈ ಕೊಡವಿಕೊಳ್ಳುವಷ್ಟರಲ್ಲಿ ಅವನನ್ನು ಆಂಬುಲೆನ್ಸಿಗೆ ಏರಿಸಿ ಜಿಲ್ಲಾ ಕೇಂದ್ರಕ್ಕೆ ಕಳುಹಿಸಿದ್ದೂ ಆಗಿತ್ತು.

ಯಾರ ರಕ್ತದಲ್ಲಿ ಏನಿದೆಯೆಂದು ಮುಖ ನೋಡಿ ಹೇಳಲಾಗದು, ಆದ್ದರಿಂದ ಎಲ್ಲರ ರಕ್ತವನ್ನೂ ಒಂದೇ ಎಚ್ಚರದಿಂದ ಮುಟ್ಟಿ ಎಂಬ ನಿಯಮ ಕಳೆದ ಶತಮಾನದ ಎಂಬತ್ತರ ದಶಕದ್ದು. ಸೋಂಕು ತಗುಲಿದ ಮೊದಲ ಕೆಲವು ವಾರ ಪರೀಕ್ಷೆಯೂ ಏನೂ ಇಲ್ಲವೆಂದು ಹೇಳಬಹುದಾದ್ದರಿಂದ ಆ ನಿಯಮಕ್ಕೆ ಅರ್ಥವೂ ಇದೆ. ಆದರೆ ನಮ್ಮ ನೆಲದಲ್ಲಿ ಅದಕ್ಕಿಂತ ಹಳೆಯದೊಂದು ಶಾಸ್ತ್ರವಿತ್ತು. ನಮ್ಮಜ್ಜಿ ಅಂಗಡಿಯಿಂದ ಬಂದ ಚಿಲ್ಲರೆ ಕಾಸಿಗೆ ನೀರು ಚಿಮುಕಿಸಿಯೇ ಒಳಗೆ ತೆಗೆದುಕೊಳ್ಳುತ್ತಿದ್ದರು. ನೋಟು ನೆನೆದರೆ ಹಾಳಾಗುತ್ತದೆಂದು ನೋಟಿಗೆ ವಿನಾಯಿತಿ ಇತ್ತು. ಮಡಿ ನಮಗೆ ಹೊಸದಲ್ಲ. ಎಲ್ಲರಿಗೂ ಒಂದೇ ಮಡಿ ಎಂಬುದೇ ಹೊಸದು. ಎಂಬಿಬಿಎಸ್ ಮಾಡಿಕೊಂಡವರ ಕೈಯಲ್ಲೂ ಅಜ್ಜಿಯ ಆ ಪಂಚಪಾತ್ರೆ ಉದ್ಧರಣೆ ಹಾಗೆಯೇ ಉಳಿದಿದೆ.

ಪೇಟೆಯ ಖಾಸಗಿಯವರು ಇದನ್ನು ಇನ್ನಷ್ಟು ಅಚ್ಚುಕಟ್ಟು ಮಾಡಿದ್ದಾರೆ. ಗೆಳೆಯನೊಬ್ಬನ ಹರ್ನಿಯಾ ಆಪರೇಷನ್ನಿಗೆ ಜೊತೆಗೆ ಹೋಗಿದ್ದೆ. ಬಿಲ್ಲಿನಲ್ಲಿ ಎಚ್‌ಐವಿ ಪರೀಕ್ಷೆಯ ದುಡ್ಡೂ ಸೇರಿತ್ತು. ಅವನನ್ನು ಯಾರೂ ಕೇಳಿರಲಿಲ್ಲ. ಹೇಳಿಯೂ ಇರಲಿಲ್ಲ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಆ ಎಚ್‌ಐವಿ ಕಾಯ್ದೆಯ ಪ್ರಕಾರ ತಿಳಿಸಿ ಒಪ್ಪಿಗೆ ಪಡೆಯದೆ ಈ ಪರೀಕ್ಷೆ ಮಾಡುವಂತಿಲ್ಲವಲ್ಲ ಎಂದೆ. ಕೌಂಟರಿನ ಹುಡುಗಿ ನಕ್ಕು, 'ಅದು ಪ್ಯಾಕೇಜಿನಲ್ಲೇ ಬರುತ್ತದೆ ಸರ್' ಎಂದಳು, ಹೋಟೆಲಿನಲ್ಲಿ ಚಟ್ನಿ ಜೊತೆಗೇ ಬರುತ್ತದೆ ಎನ್ನುವ ಹಾಗೆ. ಪಕ್ಕದ ಕೋಣೆಯಲ್ಲಿ ಇನ್ನೊಬ್ಬರಿಗೆ ಅದೇ ಪ್ಯಾಕೇಜಿನಲ್ಲಿ 'ರಿಯಾಕ್ಟಿವ್', ಅಂದರೆ ಸೋಂಕಿನ ಸುಳಿವು, ಬಂದಿತ್ತು. ಅವರ ಮನೆಯವರಿಗೆ, ಕಾರಿಡಾರಿನಲ್ಲಿ ಕೂತ ನಮಗೆಲ್ಲ ಕೇಳುವ ಹಾಗೆ, 'ಇದು ಗೌಪ್ಯ, ಯಾರಿಗೂ ಹೇಳಬೇಡಿ. ನಮ್ಮಲ್ಲಿ ಇಂಥ ಆಪರೇಷನ್ನಿಗೆ ಸೌಲಭ್ಯವಿಲ್ಲ, ಬೇರೆ ಕಡೆ ನೋಡಿಕೊಳ್ಳಿ' ಎಂದರು. ಯಾವುದಪ್ಪಾ ಆ ಸೌಲಭ್ಯ ಎಂದು ಮನೆಗೆ ಬಂದು ಓದಿ ನೋಡಿದೆ. ಸೋಪು, ನೀರು, ಕೈಗವಸು, ಕಣ್ಣಿಗೆ ಕನ್ನಡಕ, ಬಳಸಿದ ಸೂಜಿಯನ್ನು ಹಾಕಲು ತೂತಾಗದ ಬಿಳಿ ಡಬ್ಬಿ.

ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಆಸ್ಪತ್ರೆಯಲ್ಲಿ ಇಂಥ ದೂರು ಕೇಳಲೆಂದೇ ಒಬ್ಬ ಅಧಿಕಾರಿ ಇರಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಅವರೆಲ್ಲಿ ಎಂದು ವಿಚಾರಿಸಿದೆ. ಮೂರು ಕೌಂಟರ್ ದಾಟಿಸಿ ನೆಲಮಾಳಿಗೆಯ ಒಬ್ಬರ ಮುಂದೆ ಕೂರಿಸಿದರು. ಅವರು ಕನ್ನಡಕ ಏರಿಸಿ ದಪ್ಪ ಪುಸ್ತಕ ತೆರೆದು ವಿನಯದಿಂದ ಕೇಳಿದರು: 'ಎಷ್ಟನೇ ಮಹಡಿಯಲ್ಲಿ ನಿಂತಿದೆ ಸರ್, ಲಿಫ್ಟು?'

ತಂಗಿಯ ಹೆಬ್ಬೆರಳನ್ನು ಮರೆತಿಲ್ಲ. ಅಲ್ಲಿ ಸಲಹೆಗಳಿಗೆ ಕೊರತೆ ಇರಲಿಲ್ಲ. ಒಬ್ಬರು ಒತ್ತಿ ಒತ್ತಿ ರಕ್ತ ಹರಿಸು ಎಂದರು, ಒಬ್ಬರು ಸ್ಪಿರಿಟ್ಟಿನಲ್ಲಿ ಅದ್ದು ಎಂದರು, ಆಯಾ ಅರಿಶಿನ ತರಲು ಓಡಿದರು. ಇದಕ್ಕೆಲ್ಲ ಉತ್ತರವಿದ್ದ ಒಂದೇ ಒಂದು ಭಿತ್ತಿಪತ್ರವನ್ನು ಹಿಂದೊಮ್ಮೆ, ಫೋಟೋ ತೆಗೆದು ಮೇಲಕ್ಕೆ ಕಳುಹಿಸುವ ಸಲುವಾಗಿ, ವಾರ್ಡಿನ ಗೋಡೆಗೆ ಅಂಟಿಸಿದ್ದರು. ಅಂಟಿಸಿದ್ದು ಬಾಗಿಲ ಹಿಂದೆ. ಬಾಗಿಲು ತೆರೆದರೆ ಭಿತ್ತಿಪತ್ರ ಮುಚ್ಚಿಹೋಗುತ್ತದೆ, ಚಿಲಕ ಮುರಿದ ಬಾಗಿಲು ಸದಾ ತೆರೆದೇ ಇರುತ್ತದೆ. ಉಚಿತ ಸಹಾಯವಾಣಿ 1097 ಎಂಬ ನಾಲ್ಕು ಅಂಕಿಗಳು ಅಲ್ಲಿ ಗೋಡೆಗೂ ಮರಕ್ಕೂ ನಡುವೆ ಕತ್ತಲಲ್ಲಿ ಕಾಯುತ್ತಿದ್ದವು.

ಡ್ಯೂಟಿ ಡಾಕ್ಟರು ಇನ್ನೂ ಹೊಸಬರು, ಒಳ್ಳೆಯ ಹುಡುಗ. ನನಗೆ ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎಂದು ಹೇಳುವ ಧೈರ್ಯವಿದ್ದ ಅಪರೂಪದ ವೈದ್ಯ. ಮೊಬೈಲಿನಲ್ಲಿ ಮಾರ್ಗಸೂಚಿಯನ್ನು ಇಳಿಸಿಕೊಳ್ಳಲು ಕೂತರು. ನೂರಾರು ಪುಟದ ಕಡತ, ಒಂದೇ ಕಡ್ಡಿಯ ಸಿಗ್ನಲ್. ಅವರು ಕಿಟಕಿಯ ಸರಳಿಗೆ ಮೊಬೈಲ್ ಆನಿಸಿ ನಿಂತರು. ತರಬೇತಿ ಆಗಿರಲಿಲ್ಲವೇ ಎಂದು ಕೇಳಬೇಡಿ, ಆಗಿತ್ತು. ಎರಡು ದಿನ, ಜಿಲ್ಲಾ ಕೇಂದ್ರದ ಹೋಟೆಲಿನಲ್ಲಿ, ಸೆಣಬಿನ ಚೀಲ, ಜಾಮೂನಿನ ಊಟ, ಪ್ರಮಾಣಪತ್ರ ಎಲ್ಲ ಸಮೇತ. ವಾರ್ಡಿನಲ್ಲಿ ಕೆಲಸ ಇದ್ದವರು ಕೆಲಸ ಬಿಟ್ಟು ಹೋಗಲಾಗದ್ದರಿಂದ ಕೆಲಸ ಇಲ್ಲದವರು ಹೋಗಿಬಂದರು. ಅವರಲ್ಲಿ ಒಬ್ಬರಿಗೆ ಮರುತಿಂಗಳೇ ನಿವೃತ್ತಿಯಾಯಿತು. ಊರಿನಲ್ಲಿ ಈಗ ಅಡಿಕೆ ತೋಟಕ್ಕೆ ಸೂಜಿ ಚುಚ್ಚಿದರೆ ಏನು ಮಾಡಬೇಕೆಂದು ಬಲ್ಲವರು ಅವರೊಬ್ಬರೇ.

ಆಗ ಮಾತನಾಡಿದವರು ಕಿಟಕಿ ಪಕ್ಕದ ಹಾಸಿಗೆಯವರು. 'ಮೇಡಂ, ಒತ್ತಬೇಡಿ. ಬಾಯಿಗೆ ಹಾಕಬೇಡಿ. ಸ್ಪಿರಿಟ್ಟೂ ಬೇಡ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದುಕೊಳ್ಳಿ, ಸಾಕು. ಮಾತ್ರೆಯನ್ನು ಎರಡು ಗಂಟೆಯೊಳಗೆ ತೆಗೆದುಕೊಂಡರೆ ಒಳ್ಳೆಯದು, ಮೂರು ದಿನ ದಾಟಿದರೆ ಪ್ರಯೋಜನವಿಲ್ಲ. ಇಪ್ಪತ್ತೆಂಟು ದಿನ ನುಂಗಬೇಕು.' ವಾರ್ಡಿನಲ್ಲಿ ಸೋಪೂ ಇರಲಿಲ್ಲ. ತಮ್ಮ ಟ್ರಂಕಿನಿಂದ ಡಬ್ಬಿ ತೆಗೆದು ಅದನ್ನೂ ಕೊಟ್ಟರು. ಎಆರ್‌ಟಿ ಕೇಂದ್ರದ ಆಪ್ತ ಸಮಾಲೋಚಕರ ಮಾತನ್ನು ಅವರು ವರ್ಷಗಳಿಂದ ಕಿವಿಗೊಟ್ಟು ಕೇಳಿದ್ದರು, ಕೇಳದೆ ಬದುಕಲು ಆಗುತ್ತಿರಲಿಲ್ಲ. ಇಡೀ ಕಟ್ಟಡದಲ್ಲಿ ಮಾರ್ಗಸೂಚಿ ಬಾಯಿಪಾಠವಿದ್ದ ಏಕೈಕ ವ್ಯಕ್ತಿಯ ತಲೆಯ ಮೇಲೆ ಕೆಂಪು ವೃತ್ತ ಹಾಕಿ ಎಲ್ಲರೂ ನಾಲ್ಕಡಿ ದೂರ ನಿಂತಿದ್ದರು.

ಹನ್ನೊಂದಕ್ಕೆ ತಂಗಿ ನನಗೆ ಫೋನ್ ಮಾಡಿದಳು. ಅಳುತ್ತಿದ್ದಳು. ನಾನು ವೈದ್ಯನಲ್ಲ, ಆದರೆ ಎಲ್ಲ ವಿಷಯದ ಮೇಲೂ ಅಂಕಣ ಬರೆಯುವವನಾದ್ದರಿಂದ ಮನೆಯವರಿಗೆ ನನ್ನ ಮೇಲೆ ತಪ್ಪು ನಂಬಿಕೆ ಇದೆ. ಸೋಂಕಿರುವ ರಕ್ತದ ಸೂಜಿ ಸಾವಿರ ಸಲ ಚುಚ್ಚಿದರೆ ಸುಮಾರು ಮೂರು ಸಲ ಎಚ್‌ಐವಿ ದಾಟುತ್ತದೆ ಎಂಬ ಲೆಕ್ಕ ಹೇಳಿ ಸಮಾಧಾನ ಮಾಡಿದೆ. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ದಾಟುವುದು ನೂರಕ್ಕೆ ಮೂವತ್ತರವರೆಗೂ ಹೋಗುತ್ತದೆ, ನೀನು ಲಸಿಕೆ ಹಾಕಿಸಿಕೊಂಡಿದ್ದೀಯಾ ಎಂದೂ ಕೇಳಿದೆ. ಅವಳ ಅಳು ಜಾಸ್ತಿಯಾಯಿತು. ಲಸಿಕೆಗೆ ಇಂಡೆಂಟ್, ಅಂದರೆ ಬೇಡಿಕೆ ಚೀಟಿ, ಹಾಕಿ ಎರಡು ವರ್ಷವಾಗಿತ್ತಂತೆ. ಎರಡು ಕೈಗವಸು ತೊಟ್ಟು ಎಚ್‌ಐವಿಗೆ ಹೆದರುವವರಲ್ಲಿ ಎಷ್ಟು ಮಂದಿ ಈ ಲಸಿಕೆಯ ಮೂರೂ ಡೋಸ್ ಮುಗಿಸಿದ್ದಾರೆಂದು ನಿಮ್ಮ ಪರಿಚಯದ ವೈದ್ಯರನ್ನು ಒಮ್ಮೆ ಕೇಳಿ ನೋಡಿ.

ಉಗ್ರಾಣಪಾಲಕರ ನಂಬರ್ ಹಿಡಿದು ನಾನೇ ಮಾತನಾಡಿದೆ. ಅವರು ತಮ್ಮ ಊರಿನ ಜಾತ್ರೆಯಲ್ಲಿದ್ದರು. ಹಿಂದೆ ನಾಟಕದ ಹಾರ್ಮೋನಿಯಂ ಕೇಳುತ್ತಿತ್ತು. ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ ಅವರು ಹೇಳಿದರು: 'ಸ್ವಾಮಿ, ಅದು ತುರ್ತು ಸಂದರ್ಭಕ್ಕೆಂದು ಇಟ್ಟಿರುವ ಔಷಧ. ಹೀಗೆ ರಾತ್ರಿ ಹೊತ್ತಿನಲ್ಲೆಲ್ಲ ತೆಗೆಯುವಂತಿಲ್ಲ. ನಾಳೆ ಹತ್ತೂವರೆಗೆ ಬರುತ್ತೇನೆ, ಇಂಡೆಂಟ್ ಸಿದ್ಧವಿಡಲು ಹೇಳಿ.' ಇಷ್ಟು ವರ್ಷಗಳಲ್ಲಿ ಆ ಡಬ್ಬಿಯ ಒಂದು ಮಾತ್ರೆಯೂ ಖರ್ಚಾಗಿಲ್ಲ, ಅವಧಿ ಮೀರಿದಾಗಲೆಲ್ಲ ಹಳೆಯದನ್ನು ಹಿಂದಿರುಗಿಸಿ ಹೊಸದನ್ನು ಇಟ್ಟಿದ್ದೇನೆ, ಆಡಿಟ್‌ನವರೇ ಮೆಚ್ಚಿದ್ದಾರೆ ಎಂದರು. ದನಿಯಲ್ಲಿ ಮಗಳನ್ನು ಚೆನ್ನಾಗಿ ಓದಿಸಿದ ತಂದೆಯ ತೃಪ್ತಿ ಇತ್ತು.

ಹನ್ನೊಂದೂಮುಕ್ಕಾಲಿಗೆ ಕಿಟಕಿ ಪಕ್ಕದವರು ಮತ್ತೆ ಟ್ರಂಕ್ ತೆರೆದರು. ತಮ್ಮ ಮಾತ್ರೆಯ ಡಬ್ಬಿಯನ್ನು ಡಾಕ್ಟರ ಕೈಗೆ ಕೊಟ್ಟು, 'ಇದೇ ಅಲ್ಲವೇ ಸರ್?' ಎಂದರು. ಡಾಕ್ಟರು ಚೀಟಿ ಓದಿದರು. ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್: ಮೂರೂ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು. ಮೊಬೈಲಿನಲ್ಲಿ ಆ ಹೊತ್ತಿಗೆ ಕಡತವೂ ಇಳಿದಿತ್ತು, ಪುಟವೂ ಸಿಕ್ಕಿತು. ಅದೇ. ತಂಗಿ ಮೊದಲ ಡೋಸನ್ನು ಅವರ ಡಬ್ಬಿಯಿಂದ ತೆಗೆದುಕೊಂಡು, ಅವರದೇ ಬಾಟಲಿಯ ನೀರಿನಲ್ಲಿ ನುಂಗಿದಳು. ಅವರ ಹಾಸಿಗೆಯ ಬಳಿ ಅವಳು ಕೈಗವಸಿಲ್ಲದೆ ನಿಂತದ್ದು ಅದೇ ಮೊದಲಂತೆ.

ಸೋಮವಾರ ಹತ್ತೂವರೆಗಲ್ಲ, ಹನ್ನೊಂದೂಕಾಲಿಗೆ ಉಗ್ರಾಣಪಾಲಕರು ಹಣೆಗೆ ಕುಂಕುಮ, ಕೈಯಲ್ಲಿ ಪ್ರಸಾದದ ಪೊಟ್ಟಣದೊಂದಿಗೆ ಬಂದು ಬೀಗ ತೆಗೆದರು. ಇಪ್ಪತ್ತೆಂಟು ಮಾತ್ರೆ ಕೊಟ್ಟು ಸಹಿ ಹಾಕಿಸಿಕೊಂಡರು. ತಂಗಿ ಅದರಲ್ಲಿ ಒಂದನ್ನು ಕಿಟಕಿ ಪಕ್ಕದವರಿಗೆ ಹಿಂದಿರುಗಿಸಿದಳು. ತೊಂದರೆ ಶುರುವಾದದ್ದು ಅಲ್ಲಿಂದ. ಮೊದಲ ಡೋಸ್ ಭಾನುವಾರದ್ದು, ವಿತರಣೆ ಸೋಮವಾರದ್ದು, ಹಾಗಿದ್ದರೆ ನಡುವಿನ ಮಾತ್ರೆ ಎಲ್ಲಿಂದ ಬಂತು? ಒಳರೋಗಿಯಿಂದ ಔಷಧ ಪಡೆದ ಹಾಗೂ ಸರ್ಕಾರಿ ಔಷಧವನ್ನು ಒಳರೋಗಿಗೆ ನೀಡಿದ ಬಗ್ಗೆ ಮೂರು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು ಎಂದು ಮೆಮೊ ಬಂತು. ಮೂರು ದಿನ, ಅಂದರೆ ಎಪ್ಪತ್ತೆರಡು ಗಂಟೆ. ಆ ಅವಧಿಯನ್ನು ಆಸ್ಪತ್ರೆ ಅಕ್ಷರಶಃ ಪಾಲಿಸಿದ್ದು ಅದೊಂದೇ ಸಲ.

ತಂಗಿ ಇಪ್ಪತ್ತೆಂಟೂ ದಿನ ಮುಗಿಸಿದಳು. ಆರನೇ ವಾರದ ಪರೀಕ್ಷೆಯಲ್ಲೂ ಮೂರನೇ ತಿಂಗಳ ಪರೀಕ್ಷೆಯಲ್ಲೂ ಏನೂ ಬರಲಿಲ್ಲ. ಅವಳ ಉತ್ತರದಿಂದ ಎಚ್ಚೆತ್ತ ಆಡಳಿತ ಸಭೆ ಸೇರಿಸಿ, ಇನ್ನು ಮುಂದೆ ಯಾವ ಹೊತ್ತಿನಲ್ಲೂ ತೊಂದರೆಯಾಗದಂತೆ ಬೀರುವಿಗೆ ಎರಡನೆಯ ಕೀಲಿ ಮಾಡಿಸಲು ಠರಾವು ಮಾಡಿತು. ಕೀಲಿ ಮಾಡಿಸಿದ್ದೂ ಆಯಿತು. ಮೊನ್ನೆ ತಂಗಿ ಹಬ್ಬಕ್ಕೆ ಬಂದಿದ್ದಾಗ ಅದು ಈಗ ಯಾರ ಹತ್ತಿರ ಇದೆ ಎಂದು ಕೇಳಿದೆ. ಕಳೆದುಹೋಗಬಾರದೆಂದು ಬೀರುವಿನೊಳಗೇ ಇಟ್ಟಿದ್ದಾರಂತೆ, ಮಾರ್ಗಸೂಚಿಯ ಪುಸ್ತಕದ ಮೇಲೆ.