ಸೋದರತ್ತೆ ಯಾಕೆ ದೂರ ನಿಲ್ಲಬೇಕು?

ನಿನ್ನೆ ಬೆಟಗೇರಿಯಲ್ಲಿ ನಮ್ಮ ಕಾಕಾನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಇತ್ತು, ಸೊಸೆಯ ತವರುಮನೆಯಲ್ಲಿ. ಹೋಗಿ ಬಂದಾಗಿನಿಂದ ಹೊಟ್ಟೆಯಲ್ಲಿ ಸಂಕಟ.

ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನಮ್ಮ ಅಕ್ಕ. ಅವಳು ರೋಣ ತಾಲ್ಲೂಕಿನಲ್ಲಿ ಆಶಾ ಕಾರ್ಯಕರ್ತೆ. ಅವಳು ತೊಟ್ಟಿಲ ಕಡೆ ಬಗ್ಗುವಷ್ಟರಲ್ಲಿ ಒಬ್ಬರು ಅಡ್ಡ ಬಂದರು. "ಅಕ್ಕಾರ, ನೀವು ಮೂರು ಸಲ ಕೊರೋನಾ ಸೂಜಿ ಮಾಡಿಸ್ಕೊಂಡೀರಿ. ಆ ಪ್ರೋಟೀನ್ ಉಸಿರಿನ್ಯಾಗ ಹೊರಗ ಬರ್ತೈತಂತ. ಕೂಸಿನ ಹತ್ರ ಬ್ಯಾಡ್ರಿ." ಯಾರೂ ಮಾತಾಡಲಿಲ್ಲ. ನಾನೂ ಸುಮ್ನೆ ನಿಂತೆ. ಹೆಸರು ಬೇರೆಯವರು ಹೇಳಿದರು, ಬೆನ್ನಿಗೆ ಗುದ್ದು ಬೇರೆಯವರಿಗೆ ಬಿತ್ತು. ಅಕ್ಕ ಹೊರಗೆ ಗುಗ್ಗರಿ ಹಂಚುತ್ತಿದ್ದಳು.

ಯಾವ ಪ್ರೋಟೀನ್ ರೀ? ಅವಳ ಮೊದಲ ಡೋಸ್ ಆಗಿದ್ದು 2021ರಲ್ಲಿ, ಕೋವಿಶೀಲ್ಡ್. ಅದರಲ್ಲಿರುವುದು ಚಿಂಪಾಂಜಿಗಳಿಗೆ ನೆಗಡಿ ತರುವ ಒಂದು ವೈರಸ್. ಮೈಯೊಳಗೆ ಅದು ಒಂದಕ್ಕೆ ಎರಡಾಗದಂತೆ ಮೊದಲೇ ಮಾಡಿರುತ್ತಾರೆ. ಅದು ಒಯ್ದ ಸೂಚನೆಯಂತೆ ನಮ್ಮ ಜೀವಕೋಶಗಳು ಸ್ವಲ್ಪ ದಿನ ಸ್ಪೈಕ್ ಪ್ರೋಟೀನ್, ಅಂದರೆ ಕೊರೋನಾ ವೈರಸ್ಸಿನ ಮೈಮೇಲಿನ ಮುಳ್ಳು, ತಯಾರಿಸುತ್ತವೆ, ಮೈ ಅದರ ಗುರುತು ಹಿಡಿದು ಒಡೆದು ಹಾಕುತ್ತದೆ. ಕೋವ್ಯಾಕ್ಸಿನ್ ಆದರೆ ಒಳಗಿರುವುದು ಸತ್ತ ವೈರಸ್. ಪ್ರೋಟೀನ್ ಅಂದರೆ ಬೀಜ ಅಲ್ಲ, ಬಿದ್ದಲ್ಲಿ ಮೊಳಕೆ ಒಡೆಯೋಕೆ. ವರ್ಷಗಟ್ಟಲೆ ಒಬ್ಬರ ಉಸಿರಿನಲ್ಲಿ ಕೂತು ಇನ್ನೊಬ್ಬರ ಕೂಸಿಗೆ ಹತ್ತುವುದಂತೂ ಸಾಧ್ಯವೇ ಇಲ್ಲ.

ಯಾವ ಲಸಿಕೆಯಿಂದಲೂ ಏನೂ ಹೊರಗೆ ಬರಲ್ವಾ ಅಂತ ಕೇಳಬಹುದು. ಬರುತ್ತದೆ. ಪೋಲಿಯೋ ಹನಿಯಲ್ಲಿ ಇರುವುದು ಬಲ ತಗ್ಗಿಸಿದ ಜೀವಂತ ವೈರಸ್, ಹನಿ ಕುಡಿದ ಮಕ್ಕಳ ಮಲದಲ್ಲಿ ಕೆಲವು ವಾರ ಹೊರಬರುತ್ತದೆ. ಬಹಳ ಮಕ್ಕಳಿಗೆ ಲಸಿಕೆಯೇ ಬೀಳದ ಊರುಗಳಲ್ಲಿ ಅದು ಹರಡುತ್ತ ಹರಡುತ್ತ ಬದಲಾಗಿ, ಅಪರೂಪಕ್ಕೆ ಕಾಯಿಲೆ ತಂದದ್ದೂ ಉಂಟು. ಆದರೆ ಅದು ಜೀವಂತ ವೈರಸ್ಸಿನ ಮಾತು. ಕೋವಿಶೀಲ್ಡ್‌ಗೆ ಅದನ್ನು ತಂದು ಅಂಟಿಸಿದರೆ ಹೇಗೆ? ಇನ್ನೊಂದು ವಿಷಯ. ನಿನ್ನೆ ತೊಟ್ಟಿಲಲ್ಲಿದ್ದ ಕೂಸಿಗೆ ಹುಟ್ಟಿದಾಗಲೇ ಪೋಲಿಯೋ ಹನಿ ಹಾಕಿದ್ದಾರೆ, ಒಂದೂವರೆ ತಿಂಗಳಿಗೆ ಮತ್ತೆ ಪೋಲಿಯೋ, ಜೊತೆಗೆ ಭೇದಿ ತಡೆಯುವ ರೋಟಾ ಹನಿ, ಅದೂ ಜೀವಂತ ವೈರಸ್ಸಿನದೇ. ಲಸಿಕೆಯ ವೈರಸ್ ಹೊರಬಿಡುವವರು ಆ ಮನೆಯಲ್ಲಿ ಯಾರಾದರೂ ಇದ್ದರೆ ಅದು ಆ ಕೂಸೇ! ಕೂಸಿನ ಹೊಲಸಾದ ಬಟ್ಟೆ ಬದಲಿಸಿದ ಮೇಲೆ ಸೋಪು ಹಚ್ಚಿ ಕೈ ತೊಳೆದರೆ ಆಯಿತು. ಅದಕ್ಕಾಗಿ ಕೂಸನ್ನು ಯಾರಾದರೂ ದೂರ ಇಡುತ್ತಾರಾ?

ಕೊರೋನಾ ಸೂಜಿ ಹಾಕಿಸಿಕೊಂಡವರಿಗೇ ಅದರಿಂದ ಏನಾದರೂ ತೊಂದರೆ ಆಯ್ತಾ ಅನ್ನುವುದು ಬೇರೆ ಪ್ರಶ್ನೆ, ಅದನ್ನು ಕೇಳಲೇಬೇಕು. ಪಕ್ಕದಲ್ಲಿ ನಿಂತವರಿಗೆ ಹತ್ತುತ್ತದೆ ಅನ್ನುವುದು ಸುಳ್ಳು.

ನಮ್ಮ ದೇಶದಲ್ಲಿ ಕೊನೆಯ ಕಾಡು ಪೋಲಿಯೋ (ಲಸಿಕೆಯಿಂದಲ್ಲ, ತಾನಾಗೇ ಹರಡುವ ಪೋಲಿಯೋ) ಕೇಸ್ ಸಿಕ್ಕಿದ್ದು 2011ರ ಜನವರಿಯಲ್ಲಿ. ಅದು ಹಾಗೇ ಹೋಗಲಿಲ್ಲ, ಅಕ್ಕನಂಥವರು ಹನಿ ಡಬ್ಬಿ ಹಿಡಿದು ಬಿಸಿಲಲ್ಲಿ ಮನೆ ಮನೆ ತಿರುಗಿದ್ದಾರೆ.

2021ರಲ್ಲಿ ನಾನೂ ಒಂದು ವಾಟ್ಸಾಪ್ ಮೆಸೇಜ್ ನಂಬಿ ಅಪ್ಪನ ಎರಡನೇ ಡೋಸ್ ತಪ್ಪಿಸಲು ಹೊರಟಿದ್ದೆ. ಫೋನಿನಲ್ಲಿ ಒಂದು ತಾಸು ಸಮಾಧಾನದಿಂದ ತಿಳಿಸಿ ಹೇಳಿದವಳು ಅಕ್ಕ. ನಿನ್ನೆ ಅವಳ ಪರವಾಗಿ ನನ್ನ ಬಾಯಿಂದ ಒಂದು ಮಾತು ಬರಲಿಲ್ಲ.

ಇವತ್ತು ಬೆಳಿಗ್ಗೆ ಅವಳಿಗೆ ಫೋನ್ ಮಾಡಿ ತಪ್ಪಾಯ್ತು ಅಂದೆ. "ಇರ್ಲಿ ಬಿಡು. ಕೂಸಿಗೆ ಹದಿನಾಲ್ಕನೇ ವಾರದ ಸೂಜಿ ಮುಂದಿನ ವಾರ ಐತಿ, ತಪ್ಪಿಸಬ್ಯಾಡ್ರಿ ಅಂತ ನೀನs ಅವರಿಗೆ ಹೇಳು" ಅಂದಳು.