ಬಾಗಿಲಿಗೆ ಸಿಗಿಸಿದ ಚೀಟಿ

ಮನೆ ಬೀಗ ಹಾಕಿ ಹೊರಡೋವಾಗ ಬಾಗಿಲಿಗೆ ಚೀಟಿ ಸಿಗಿಸೋ ಅಭ್ಯಾಸ ಮೊಬೈಲ್ ಬಂದ್ಮೇಲೆ ಹೋಗೇಬಿಡ್ತು. "ಕೀ ಪಕ್ಕದ್ಮನೇಲಿದೆ", "ನಾಳೆ ಹಾಲು ಬೇಡ", ಅಷ್ಟೇ ಇರ್ತಿತ್ತು ಅದ್ರಲ್ಲಿ. ಒಂದಿಡೀ ಊರೇ ಚೀಟಿ ಸಿಗಿಸಿ ಹೊರಟಿದ್ದು ಅಂದ್ರೆ ನಂಗೆ ಗೊತ್ತಿರೋದು ಒಂದೇ, ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಸಮುದ್ರದ ಹತ್ರ ಇರೋ ಟೈನಮ್.

ಊರು ಅನ್ನೋದೂ ದೊಡ್ಡ ಮಾತೇ. ಒಂದು ಚರ್ಚು, ಒಂದು ಸ್ಕೂಲು, ಪೋಸ್ಟಾಫೀಸು, ಸಾಲಾಗಿ ಒಂದಷ್ಟು ಕಲ್ಲಿನ ಮನೆ. 1086ರ ಡೂಮ್ಸ್‌ಡೇ ಲೆಕ್ಕದ ಪುಸ್ತಕದಲ್ಲೇ ಹೆಸರಿದೆ, ಅದಕ್ಕೆ ಆಡಿನ ದೊಡ್ಡಿ ಅಂತ ಅರ್ಥ ಹೇಳ್ತಾರೆ, ನಮ್ಮಲ್ಲಾಗಿದ್ರೆ ಆಡಿನಹಟ್ಟಿ ಅಂತಿದ್ವೇನೋ. ಮಕ್ಕಳು ಕಮ್ಮಿಯಾಗಿ 1932ರಲ್ಲೇ ಸ್ಕೂಲ್ ಮುಚ್ಚಿತ್ತು. 1943ರ ನವೆಂಬರಲ್ಲಿ ಕಾಗದ ಬಂತು, ಯುದ್ಧಕ್ಕೆ ಟ್ಯಾಂಕ್ ಪ್ರಾಕ್ಟೀಸ್ ಮಾಡೋಕೆ ಜಾಗ ಬೇಕು, ಕ್ರಿಸ್‌ಮಸ್‌ಗೆ ಮುಂಚೆ ಖಾಲಿ ಮಾಡಿ ಅಂತ. ಸುತ್ತಮುತ್ತಲಿನವರೂ ಸೇರಿ 225 ಜನ ಗಂಟುಮೂಟೆ ಕಟ್ಟಿದ್ರು.

ನಂಗೆ ಹೊಟ್ಟೆ ಉರಿಯೋದು ಇದಕ್ಕೆ: ಅವರಲ್ಲಿ ಹೆಚ್ಚಿನವರು ಬಾಡಿಗೆದಾರರು, ಮನೆ ಜಮೀನು ಎಲ್ಲಾ ಬಾಂಡ್ ಅನ್ನೋ ಜಮೀನ್ದಾರ ಮನೆತನದ್ದು, ಹಾಗಾಗಿ ಇವರಿಗೆ ಸಿಕ್ಕ ಪರಿಹಾರ ಹಿತ್ತಲಲ್ಲಿ ಬೆಳೆದಿದ್ದ ತರಕಾರಿ ಬೆಲೆ ಅಷ್ಟೇ. ಡಿಸೆಂಬರ್ ಚಳೀಲಿ ಹಿತ್ತಲಲ್ಲಿ ಏನ್ ಮಹಾ ಇರತ್ತೆ, ನಾಲ್ಕು ಎಲೆಕೋಸು? ಅದನ್ನ ಯಾರೋ ಬಗ್ಗಿ ಬಗ್ಗಿ ಎಣಿಸಿ ಬರ್ಕೊಂಡಿರ್ಬೇಕಲ್ಲ, ಅದನ್ನ ನೆನೆಸ್ಕೊಂಡ್ರೇ ನಗೂನೂ ಬರತ್ತೆ, ಸಂಕಟಾನೂ ಆಗತ್ತೆ.

ಆದ್ರೂ ಚರ್ಚ್ ಬಾಗಿಲಿಗೆ ಸಿಗಿಸಿದ್ದ ಚೀಟೀಲಿ ಜಗಳದ ಒಂದು ಮಾತಿಲ್ಲ. ಚರ್ಚು, ಮನೆಗಳನ್ನ ಜೋಪಾನ ಮಾಡಿ, ತಲೆಮಾರುಗಳಿಂದ ಇದ್ದ ಮನೆ ಯುದ್ಧ ಗೆಲ್ಲೋಕೆ ಅಂತ ಬಿಟ್ಕೊಟ್ಟಿದೀವಿ, ಒಂದಿನ ವಾಪಸ್ ಬರ್ತೀವಿ, ಊರನ್ನ ಚೆನ್ನಾಗಿ ನೋಡ್ಕೊಂಡಿದ್ದಕ್ಕೆ ಥ್ಯಾಂಕ್ಸ್, ಅಂತ. ಥ್ಯಾಂಕ್ಸ್ ಬೇರೆ, ಅದೂ ಅಡ್ವಾನ್ಸಾಗಿ! ಯುದ್ಧ ಮುಗೀತು, 1948ರಲ್ಲಿ ಜಾಗಾನ ಕಡ್ಡಾಯ ಖರೀದಿ ಅಂತ ಸೈನ್ಯಕ್ಕೇ ಖಾಯಂ ಮಾಡ್ಕೊಂಡ್ರು. ನಮ್ಮ ಕಡೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದು ದೆವ್ವಾನ ವಾಪಸ್ ಕಳಿಸ್ತಿದ್ರು, ಅಲ್ಲಿ ಬಾಗಿಲಿಗೆ ಚೀಟಿ ಬರೆದವರಿಗೇ ಸರ್ಕಾರ ನಾಳೆ ಬಾ ಅಂತು.

ಈಗ ಮನೆಗಳಿಗೆ ಛಾವಣಿ ಇಲ್ಲ, ಬರೀ ಗೋಡೆ. ಉಳುಮೆ, ಔಷಧಿ ಹೊಡೆಯೋದು ಯಾವ್ದೂ ಇಲ್ದೆ ಕಾಡುಹೂ ಹಕ್ಕಿ ಮಾತ್ರ ಚೆನ್ನಾಗಿದಾವೆ. ಸ್ಕೂಲನ್ನ ರಿಪೇರಿ ಮಾಡಿ ಇಟ್ಟಿದಾರೆ, ಗೋಡೇಲಿ ಮಕ್ಕಳು ಕೋಟು ನೇತುಹಾಕೋ ಗೂಟಗಳು, ಪಕ್ಕದಲ್ಲೇ ಹೆಸರುಗಳು. ಹೆಚ್ಚಿನ ವೀಕೆಂಡಲ್ಲಿ ಗೇಟ್ ತೆಗೀತಾರೆ, ಯಾರು ಬೇಕಾದ್ರೂ ಹೋಗಿ ನೋಡ್ಬಹುದು, ಮಿಕ್ಕ ದಿನ ಗುಂಡು ಹಾರಿಸೋ ಕೆಲಸ ಇನ್ನೂ ನಡೀತಾನೇ ಇದೆ, ಟೈಮ್ ನೋಡ್ಕೊಂಡು ಹೋಗ್ಬೇಕು.