ಇವರಿಬ್ಬರೂ ಒಬ್ಬನೇ ಎಂದು ದೃಢೀಕರಿಸಲಾಗಿದೆ

ನವೆಂಬರ್ 1 ಬಂತೆಂದರೆ ಕಾಸರಗೋಡಿನ ಮಕ್ಕಳಿಗೆ ಎರಡು ಪಾಳಿ. ಬೆಳಿಗ್ಗೆ ಶಾಲೆಯಂಗಳದಲ್ಲಿ ಕೇರಳಪಿರವಿ, ಎಂದರೆ ಕೇರಳ ಹುಟ್ಟಿದ ದಿನ: ಬಿಳಿ ಮುಂಡು, ಜರಿಯ ಅಂಚು, ಮಲಯಾಳದಲ್ಲಿ ಭಾಷಾ ಪ್ರತಿಜ್ಞೆ. ಸಂಜೆ ಸಭಾಭವನದಲ್ಲಿ ರಾಜ್ಯೋತ್ಸವ: ಹಳದಿ-ಕೆಂಪು ಶಾಲು, ನಾಡಗೀತೆ, ಗಡಿಯಾಚೆಯಿಂದ ಬಂದ ಅತಿಥಿಯ ತಲೆಗೆ ಮೈಸೂರು ಪೇಟ. 1956ರ ಈ ದಿನವೇ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಈ ಸೀಮೆಯನ್ನು ಕತ್ತರಿಸಿ ಕೇರಳಕ್ಕೆ ಹೊಲಿದದ್ದು. ಕತ್ತರಿ ಬಿದ್ದ ದಿನವೇ ಹಬ್ಬ, ಅದೂ ಎರಡೆರಡು ಪಾಯಸ. ಬೆಳಗಿನ ಮುಂಡು ಸಂಜೆಗೂ ನಡೆಯುತ್ತದೆ, ಮೇಲಿನ ಶಾಲು ಬದಲಿಸಿಕೊಂಡರಾಯಿತು.

ಸಂಜೆಯ ಭಾಷಣದಲ್ಲಿ ಒಂದು ಮಾತು ತಪ್ಪಿದ್ದಲ್ಲ: "ಇಂದಿನ ಯುವಕರಲ್ಲಿ ಆ ಕಿಚ್ಚು ಇಲ್ಲ." ಆ ಕಿಚ್ಚು ಎಂದರೆ ಹಿರಿಯರ ಕಾಲದ ಕಿಚ್ಚು. ಅದು ಸುಳ್ಳಲ್ಲ. 1957ರಲ್ಲಿ ಕೇರಳ ವಿಧಾನಸಭೆಯ ಮೊದಲ ಚುನಾವಣೆಯಲ್ಲಿ ಮಂಜೇಶ್ವರ ಕನ್ನಡದ ಪರ ನಿಂತ ಎಂ. ಉಮೇಶ ರಾಯರನ್ನು ಅವಿರೋಧವಾಗಿ ಆರಿಸಿ ಕಳುಹಿಸಿತ್ತು. ಹತ್ತು ವರ್ಷ ಬಿಟ್ಟು, 1967ರಲ್ಲಿ, ಗಡಿ ತಕರಾರು ನೋಡಲು ಕೂತಿದ್ದ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕನ್ನಡದ ರಾಜ್ಯಕ್ಕೆ ಸೇರಬೇಕೆಂದು ಬರೆದುಕೊಟ್ಟಿತು. ವರದಿ ಜಾರಿಯಾಗಲಿ ಎಂದು ದನಿ ಎತ್ತುತ್ತಲೇ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬಾಳಿ 2015ರಲ್ಲಿ ತೀರಿಕೊಂಡರು. ವರದಿಯ ಆಯುಸ್ಸು ಅದಕ್ಕಿಂತ ಗಟ್ಟಿಯಿರಬೇಕು, ಇನ್ನೂ ಕಪಾಟಿನಲ್ಲಿ ಸುಖವಾಗಿದೆ.

ಈಗಿನವರ ಕಿಚ್ಚು ಎಲ್ಲಿ ಹೋಯಿತು ಎಂದು ಕೇಳುವ ಅತಿಥಿಗಳನ್ನು ಒಮ್ಮೆ ಸರಕಾರಿ ಅರ್ಜಿ ತುಂಬಿಸಿಕೊಡುವ ಅಕ್ಷಯ ಕೇಂದ್ರದ ಬೆಂಚಿನ ಮೇಲೆ ಕೂರಿಸಬೇಕು. ಕಿಚ್ಚು ಅಲ್ಲಿ ಟೋಕನ್ ಹಿಡಿದು ಕೂತಿರುತ್ತದೆ.

ವಿಷಯ ಇಷ್ಟು. ಹುಡುಗನ ಊರು ಮಂಜೇಶ್ವರ. ಒಂದು ದಾಖಲೆಯಲ್ಲಿ ಅದು ಮಂಜೇಶ್ವರ, ಇನ್ನೊಂದರಲ್ಲಿ ಮಂಜೇಶ್ವರಂ. ಅಮ್ಮನ ಮನೆ ಕುಂಬಳೆ. ಮಲಯಾಳಕ್ಕೆ ಕೊನೆಯ ಎಕಾರ ಒಗ್ಗದು, ಹಾಗಾಗಿ ಅದು ಕುಂಬ್ಳ. ಮನೆಯ ಹೆಸರು ಹೊಸಮನೆ ಇದ್ದದ್ದು ಪಡಿತರ ಚೀಟಿಗೆ ಹೋಗುವಾಗ ಹೊಸಮನ ಆಯಿತು. ಕನ್ನಡದಲ್ಲಿ ಹೇಳಿದ್ದನ್ನು ಮಲಯಾಳದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಟೈಪು ಮಾಡಿದರೆ ಒಂದಕ್ಷರ ಅತ್ತಿತ್ತ ಆಗದೆ ಉಂಟೇ? ಆಗ ಹುಟ್ಟುತ್ತಾರೆ ಇಬ್ಬರು: ಎಸ್ಸೆಸೆಲ್ಸಿ ಪುಸ್ತಕದವನು ಒಬ್ಬ, ಆಧಾರ್‌ನವನು ಒಬ್ಬ. ಒಬ್ಬನಿಗೆ ಅಂಕ ಉಂಟು, ಇನ್ನೊಬ್ಬನಿಗೆ ಬೆರಳಚ್ಚು ಉಂಟು. ಕಾಲೇಜಿಗೆ ಇಬ್ಬರೂ ಒಟ್ಟಿಗೆ ಬೇಕು.

ಇದಕ್ಕೆ ಕೇರಳ ಸರಕಾರದಲ್ಲಿ ಮದ್ದುಂಟು. ಇ-ಡಿಸ್ಟ್ರಿಕ್ಟ್ ಪೋರ್ಟಲಿನಲ್ಲಿ ಜಾತಿ, ಆದಾಯ, ವಾಸ್ತವ್ಯ ಇವುಗಳ ಸಾಲಿನಲ್ಲಿಯೇ 'ಒನ್ ಆಂಡ್ ದ ಸೇಮ್ ಸರ್ಟಿಫಿಕೇಟ್' ಎಂಬುದೊಂದಿದೆ. ಎರಡು ಹೆಸರಿನವರೂ ಒಬ್ಬನೇ ವ್ಯಕ್ತಿ ಎಂದು ಬರೆದುಕೊಡುವ ಕಾಗದ. ವಿಧಾನ ಸುಲಭ. ಅಕ್ಷಯದಲ್ಲಿ ಒಮ್ಮೆ ನೋಂದಣಿ, ಎರಡೂ ಹೆಸರಿನ ದಾಖಲೆಗಳ ಸ್ಕ್ಯಾನ್, ಅರ್ಜಿ, ಶುಲ್ಕ. ಅರ್ಜಿ ವಿಲೇಜ್ ಆಫೀಸಿಗೆ ಹೋಗುತ್ತದೆ, ಸಂಶಯ ಬಂದರೆ ಅರ್ಜಿದಾರನೂ ಹೋಗುತ್ತಾನೆ. ಎಡವುವುದು ಒಂದೇ ಕಡೆ: ಅರ್ಜಿಯಲ್ಲಿ ಹೆಸರನ್ನು ಮೂರನೆಯ ಬಗೆಯಲ್ಲಿ ಟೈಪು ಮಾಡಿಬಿಟ್ಟರೆ ಮೂರನೆಯವನೊಬ್ಬ ಹುಟ್ಟಿಕೊಳ್ಳುತ್ತಾನೆ. ಮತ್ತೆ ಮೊದಲಿಂದ. "ಎಂತ ಮೋನೇ, ಇದರಲ್ಲಿ ನೀನು ಯಾರು?" ಎಂದು ಕೌಂಟರಿನವರು ಅಕ್ಕರೆಯಿಂದಲೇ ಕೇಳುತ್ತಾರೆ. 'ನಾನು ಯಾರು' ಎಂದು ಕೇಳಿಕೊಳ್ಳಲು ಹಿಂದಿನವರು ಕಾಡಿಗೆ ಹೋಗುತ್ತಿದ್ದರು. ಇಲ್ಲಿ ಹದಿನೇಳಕ್ಕೇ ಕೌಂಟರಿನಲ್ಲಿ ಉತ್ತರ ಸಿಗುತ್ತದೆ, ಡಿಜಿಟಲ್ ಸಹಿಯ ಸಮೇತ.

ಊರ ಹೆಸರಿನ ವಿಷಯಕ್ಕೆ ಆಚೆಯವರಿಗೂ ರೋಷ ಬರುವುದುಂಟು. 2021ರ ಜೂನ್‌ನಲ್ಲಿ ಮಧೂರು 'ಮಧುರಂ' ಆಗುತ್ತದೆ, ಮಲ್ಲ 'ಮಲ್ಲಂ' ಆಗುತ್ತದೆ, ಪಿಲಿಕುಂಜೆ 'ಪಿಲಿಕುನ್ನು' ಆಗುತ್ತದೆ ಎಂದು ಬೆಂಗಳೂರಿನಲ್ಲಿ ದೊಡ್ಡ ಗುಲ್ಲೆದ್ದಿತು. ಅಂಥದ್ದೇನೂ ಇಲ್ಲ ಎಂದು ಈಚೆಯಿಂದ ಉತ್ತರ ಹೋಯಿತು. ಗುಲ್ಲು ಮುಗಿಯಿತು. ಆಗಲೇ ಅನುಸ್ವಾರ ಅಂಟಿಸಿಕೊಂಡು ಎರಡಾಗಿದ್ದ ಹುಡುಗರು ಮಾತ್ರ ಅಕ್ಷಯದ ಬೆಂಚಿನಲ್ಲೇ ಉಳಿದರು.

ಇನ್ನು ಗಡಿ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ., ತಿರುವನಂತಪುರಕ್ಕೆ 550 ದಾಟುತ್ತದೆ. ಆಸ್ಪತ್ರೆ, ಕಾಲೇಜು, ಮದುವೆಯ ಸೀರೆ, ಎಲ್ಲಕ್ಕೂ ಮಂಗಳೂರೇ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಕರ್ನಾಟಕ ಗಡಿಯ ರಸ್ತೆಗಳಿಗೆ ಟಿಪ್ಪರುಗಟ್ಟಲೆ ಮಣ್ಣು ಸುರಿಯಿತು. ಪ್ರತಿ ರಾಜ್ಯೋತ್ಸವದಲ್ಲೂ "ಕಾಸರಗೋಡಿನ ಒಂದಿಂಚು ಮಣ್ಣನ್ನೂ ಬಿಡೆವು" ಎಂದು ಕೇಳಿ ಬೆಳೆದ ಮಕ್ಕಳು ಆ ಮಣ್ಣಿನ ರಾಶಿಯನ್ನು ಕಣ್ಣಾರೆ ನೋಡಿದರು. ಆಚೆಯ ಆಸ್ಪತ್ರೆಗೆ ತಲುಪಲಾಗದೆ ರೋಗಿಗಳು ಸತ್ತ ಸುದ್ದಿ ದಿನಾ ಬರುತ್ತಿತ್ತು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆರೆಸಿ ಎಂದು ಕೇಂದ್ರಕ್ಕೆ ಹೇಳಿತು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇದರ ಬಗ್ಗೆ ತಮಾಷೆ ಮಾಡಲು ನನಗೂ ಕೈ ಬರುವುದಿಲ್ಲ.

ಮುಂದಿನ ವರ್ಷದ್ದನ್ನು ಮಾಡಬಹುದು. 2021ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡಕ್ಕೆ ನಾಲ್ಕೇ ಬಾಗಿಲು ತೆರೆದಿಟ್ಟರು: ತಲಪಾಡಿ, ಸಾರಡ್ಕ, ನೆಟ್ಟಣಿಗೆ ಮುಡ್ನೂರು, ಜಾಲ್ಸೂರು. ಒಳಬರಲು 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ಬೇಕು. ನಿಯಮ ಒಮ್ಮೆ ಬಿಗಿ, ಒಮ್ಮೆ ಸಡಿಲ, ಆಗಸ್ಟ್‌ನಲ್ಲಿ ಮತ್ತೆ ಬಿಗಿ. ದಿನಾ ಹೋಗಿಬರುವ ವಿದ್ಯಾರ್ಥಿಯ ಲೆಕ್ಕ ನೋಡಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೂಗಿಗೆ ಕಡ್ಡಿ. ವರದಿ ಸೋಮವಾರ ಸಂಜೆ ಬಂತೆಂದಿಟ್ಟುಕೊಳ್ಳಿ, ಸೋಮವಾರದ ಕ್ಲಾಸು ಹೋಯಿತು. ಮಂಗಳವಾರ ದಾಟಬಹುದು. ಬುಧವಾರ ಬೆಳಿಗ್ಗೆ ಹತ್ತಕ್ಕೆ ಅವಧಿ ಮುಗಿಯಿತು, ಎಂಟಕ್ಕೆ ದಾಟಿದರೆ ನೆಗೆಟಿವ್, ಬಸ್ಸು ತಡವಾದರೆ ಅನುಮಾನಾಸ್ಪದ. ಗುರುವಾರಕ್ಕೆ ಬೇಕೆಂದರೆ ಮಂಗಳವಾರವೇ ಮತ್ತೆ ಕಡ್ಡಿ. ಈಚೆಯ ಬಸ್ಸು ತಲಪಾಡಿಯ ಈಚೆಗೆ ನಿಂತಿತು, ಆಚೆಯ ಬಸ್ಸು ಆಚೆಗೆ, ನಡುವೆ ಕಾಲ್ನಡಿಗೆ. ಎರಡು ಬಸ್ಸಿನ ಮೇಲೂ ಒಂದೇ ಹೆಸರು, ಕೆಎಸ್‌ಆರ್‌ಟಿಸಿ. ಅದೇ ವರ್ಷ ಇಂಗ್ಲಿಷಿನ ಆ ಐದಕ್ಷರ ಯಾರದ್ದು ಎಂದು ಎರಡು ಸರಕಾರಗಳೂ ಜಗಳಕ್ಕೆ ಬಿದ್ದವು, 2023ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟು ಕೇರಳದ ಅರ್ಜಿ ತಳ್ಳಿಹಾಕುವವರೆಗೆ. ಬಸ್ಸುಗಳಿಗೊಂದು ಒನ್ ಆಂಡ್ ದ ಸೇಮ್ ಮಾಡಿಸಿದ್ದರೆ ಆಗುತ್ತಿತ್ತು.

ಹೀಗೆ ದಾಟಿ ಹೋದ ಹುಡುಗನನ್ನು ಆಚೆ ಏನೆಂದು ಬರೆದುಕೊಳ್ಳುತ್ತಾರೆ? ಕರ್ನಾಟಕದ ಸಿಇಟಿಯಲ್ಲಿ 'ಗಡಿನಾಡು ಕನ್ನಡಿಗ' ಎಂಬ ಕಲಮು ಇದೆ. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳು, ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಅದರಲ್ಲಿ ಬರುತ್ತವೆ. ಒಳ್ಳೆಯ ಮನಸ್ಸಿನಿಂದ ಮಾಡಿದ್ದೇ. ಆದರೆ ತಾಯಿನುಡಿ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲೇ ಓದಿ, ಯಕ್ಷಗಾನದ ಅರ್ಥ ಬಾಯಿಪಾಠ ಹೇಳುವ ಬ್ಯಾರಿ ಹುಡುಗಿಯನ್ನೋ ಕೊಂಕಣಿ ಹುಡುಗನನ್ನೋ ಯಾವ ಡಬ್ಬಿಗೆ ಹಾಕುವುದು? 'ಸಪ್ತಭಾಷಾ ಸಂಗಮಭೂಮಿ' ಎಂದು ಭಾಷಣದಲ್ಲಿ ಏಳು, ಅರ್ಜಿಯಲ್ಲಿ ಮೂರು.

ತಾಯಿನುಡಿ ಸರಿಯಿದ್ದವನೂ ಹಾಗೇ ಕನ್ನಡಿಗನಾಗುವಂತಿಲ್ಲ. ಅವನಿಗೆ ಕನ್ನಡ ಭಾಷಾ ಪರೀಕ್ಷೆ ಇದೆ. ಒಟ್ಟು ಅಂಕ 50, ಮಟ್ಟ ನಾಲ್ಕನೆಯ ತರಗತಿಯದ್ದು, ತೇರ್ಗಡೆಗೆ 12. ಹತ್ತು ವರ್ಷ ಕನ್ನಡದಲ್ಲೇ ಲಸಾಅ, ಮಸಾಅ ಮಾಡಿದವನು ಹದಿನೆಂಟನೆಯ ವಯಸ್ಸಿನಲ್ಲಿ ಮತ್ತೆ ನಾಲ್ಕನೆಯ ಕ್ಲಾಸಿಗೆ ಕೂತು ತಾನು ಕನ್ನಡಿಗನೆಂದು ಬರೆದು ತೋರಿಸಬೇಕು. ಹನ್ನೊಂದು ಬಂದರೆ ಅಲ್ಲ, ಹನ್ನೆರಡು ಬಂದರೆ ಹೌದು. ಇದೇ ಅಳತೆಗೋಲನ್ನು ಗಡಿಯಾಚೆಗೂ ಹಿಡಿಯಿರಿ ಎಂದು ಯಾರೂ ಠರಾವು ಮಾಡದಿರುವುದು ಪುಣ್ಯ. ಬೆಂಗಳೂರಿನ ಎಷ್ಟು ಮನೆಗಳಲ್ಲಿ ರಾತ್ರೋರಾತ್ರಿ ಕಾಗುಣಿತ ತಿದ್ದಬೇಕಾಗುತ್ತಿತ್ತೋ! ಪರೀಕ್ಷೆ ಪಾಸಾಗಿ ಹಾಸ್ಟೆಲಿಗೆ ಬಂದರೆ ರೂಮಿನವನ ಮೊದಲ ಮಾತು: "ಕೇರಳದವನಾ? ಕನ್ನಡ ಪರವಾಗಿಲ್ಲ ನಿಂದು."

ಈಚೆಯ ಶಾಲೆಗೆ ಬರೋಣ. ನಿಜವಾದ ಕಿಚ್ಚು ಹತ್ತಿಕೊಳ್ಳುವುದು ಇಲ್ಲಿ, ಅದೂ ಜೂನ್ ತಿಂಗಳ ಜಡಿಮಳೆಯಲ್ಲಿ.

ಕೇರಳದ ಶಾಲೆಗಳಲ್ಲಿ ಆರನೆಯ ಕೆಲಸದ ದಿನ ತಲೆಯೆಣಿಕೆ. ಆ ದಿನದ ಸಂಖ್ಯೆಯ ಮೇಲೆ ಎಷ್ಟು ಡಿವಿಷನ್, ಎಷ್ಟು ಹುದ್ದೆ ಎಂಬುದೆಲ್ಲ. ಕಿರಿಯ ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬರು ಅಧ್ಯಾಪಕರು. ಒಂದೆರಡು ಮನೆಯವರು ಮಗುವನ್ನು ಇಂಗ್ಲಿಷ್ ಮೀಡಿಯಂ ವ್ಯಾನು ಹತ್ತಿಸಿದರೆ ಕನ್ನಡದ ಡಿವಿಷನ್ ಬಿತ್ತು. ಬಿದ್ದದ್ದನ್ನು ಎತ್ತುವವರಿಲ್ಲ. (ಆ ವ್ಯಾನಿನಲ್ಲಿ ರಾಜ್ಯೋತ್ಸವದ ಭಾಷಣಕಾರರ ಮೊಮ್ಮಕ್ಕಳು ಇರುವುದಿಲ್ಲ ಎಂದು ನಾನಂತೂ ಆಣೆ ಹಾಕಲಾರೆ.) ಉಳಿದ ಹುದ್ದೆಗೆ ಕೇರಳ ಲೋಕಸೇವಾ ಆಯೋಗದ ರ‍್ಯಾಂಕ್ ಪಟ್ಟಿಯಿಂದ ನೇಮಕ. ಹುದ್ದೆಯ ಹೆಸರಿನಲ್ಲಿ 'ಕನ್ನಡ ಮಾಧ್ಯಮ' ಎಂದು ಆವರಣದಲ್ಲಿರುತ್ತದೆ. ಆವರಣದ ಒಳಗಿನದ್ದು ಕೆಲವೊಮ್ಮೆ ಆದೇಶದ ಜೊತೆ ಬರುವುದಿಲ್ಲ. ಕನ್ನಡದ ಗಂಧವಿಲ್ಲದವರು ಗಣಿತಕ್ಕೋ ಸಮಾಜಕ್ಕೋ ಬಂದದ್ದು, ಮಕ್ಕಳು ತರಗತಿ ಬಿಟ್ಟು ಹೊರಗೆ ಕೂತದ್ದು ಈ ಜಿಲ್ಲೆಯಲ್ಲಿ ಒಂದೆರಡು ಸಲದ ಮಾತಲ್ಲ.

ಬಂದವರು ಕೆಟ್ಟವರಲ್ಲ, ಪಾಪ. ಎಲ್ಲೋ ದಕ್ಷಿಣದ ಜಿಲ್ಲೆಯಿಂದ ರಾತ್ರಿಯಿಡೀ ರೈಲಿನಲ್ಲಿ ಕೂತು ಬಂದಿರುತ್ತಾರೆ. ಬೋರ್ಡಿನ ಮೇಲೆ ತ್ರಿಭುಜ ಬರೆದು 'ತ್ರಿಕೋಣಂ' ಎನ್ನುತ್ತಾರೆ. ಅದು ಹೇಗೋ ತಿಳಿಯುತ್ತದೆ. 'ಚುಟ್ಟಳವು' ಎಂದರೆ ಸುತ್ತಳತೆ, ಊಹಿಸಬಹುದು. 'ಪರಪ್ಪಳವು' ವಿಸ್ತೀರ್ಣ ಎಂದು ತಿಳಿಯುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. "ಸಾರ್, ಪಟ್ಟಿ ಬರೆಯಬೇಕಾ?" ಎಂದು ಮಗು ಕೇಳಿದರೆ ಸಾರ್ ಬೆಚ್ಚಿ ಬಾಗಿಲ ಕಡೆ ನೋಡುತ್ತಾರೆ. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ.

ಪರಿಹಾರ? ಅಧ್ಯಾಪಕರನ್ನು ಮೈಸೂರಿಗೆ ಕನ್ನಡ ಕಲಿಯಲು ಕಳುಹಿಸುವುದು. ಅಲ್ಲಿನ ಭಾಷಾ ಕೇಂದ್ರದಲ್ಲಿ ಹತ್ತು ತಿಂಗಳ ಡಿಪ್ಲೊಮಾ ಇದೆ, ಒಳ್ಳೆಯ ಕೋರ್ಸು. ಶಾಲೆಯ ವರ್ಷವೂ ಜೂನ್‌ನಿಂದ ಮಾರ್ಚ್, ಹತ್ತೇ ತಿಂಗಳು. ಮೇಷ್ಟ್ರು 'ಅ ಆ ಇ ಈ' ಮುಗಿಸಿ ಹಿಂದಿರುಗುವ ಹೊತ್ತಿಗೆ, ಹತ್ತನೆಯ ತರಗತಿಯಲ್ಲಿ ಕೂತು ಕನ್ನಡ ಕೇಳಿದ ಮಕ್ಕಳು ಎಸ್ಸೆಸೆಲ್ಸಿ ಬರೆದು ಮನೆಗೆ ಹೋಗಿರುತ್ತಾರೆ. ಕಡತ ಮಾತ್ರ ಪಾಸಾಗಿರುತ್ತದೆ.

ಹಾಗಾಗಿ ದಂಗೆ. ಅದಕ್ಕೂ ಈಗಿನ ಮಕ್ಕಳ ಬಳಿ ಕ್ರಮ ಉಂಟು. ಹಿರಿಯರಿಗೆ ಮಹಾಜನ್ ವರದಿಯ ವರ್ಷ ಬಾಯಿಗೆ ಬರುತ್ತದೆ, ಇವರಿಗೆ ಸಂವಿಧಾನದ 350ಎ ವಿಧಿ ಬರುತ್ತದೆ: ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಕಲಿಕೆಗೆ ಸವಲತ್ತು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಬರುತ್ತದೆ: ಕನ್ನಡ ಅಲ್ಪಸಂಖ್ಯಾತರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಮನವಿಗೆ ನಾಲ್ಕು ಪ್ರತಿ: ಶಿಕ್ಷಣ ಇಲಾಖೆಯ ಮೂರು ಮೆಟ್ಟಿಲಿನ ಅಧಿಕಾರಿಗಳಿಗೆ (ಎಇಒ, ಡಿಇಒ, ಡಿಡಿಇ) ಒಂದೊಂದು, ಇನ್ನೊಂದು ಸೀಲು ಹೊಡೆಸಿ ನಮಗೆ. ಬರೀ ಕನ್ನಡದಲ್ಲಿ ಕೊಟ್ಟರೆ ತರ್ಜುಮೆಗೆಂದು ಮೇಜಿನಿಂದ ಮೇಜಿಗೆ ಹೋಗಿ ಅಲ್ಲೇ ಮಲಗುತ್ತದೆ. ಆದ್ದರಿಂದ ಹಕ್ಕಿಗೆಂದು ಕನ್ನಡ ಪ್ರತಿ, ಕೆಲಸಕ್ಕೆಂದು ಮಲಯಾಳ ಪ್ರತಿ, ಎರಡನ್ನೂ ಸ್ಟೇಪಲ್ ಮಾಡಬೇಕು. ಮಲಯಾಳ ಪ್ರತಿ ಬರೆಯಲು ಇವರಿಗೆ ಯಾರ ಹಂಗೂ ಇಲ್ಲ. ಒಂದರಿಂದ ಹತ್ತರವರೆಗೆ ಮಲಯಾಳ ಕಡ್ಡಾಯ ಎಂಬ 2017ರ ಕಾಯ್ದೆ ಅಷ್ಟು ಉಪಕಾರ ಮಾಡಿದೆ, ಬಾಕಿಯದ್ದನ್ನು ಮೋಹನ್‌ಲಾಲ್ ನೋಡಿಕೊಂಡಿದ್ದಾರೆ.

ಮನವಿಯಿಂದ ಆಗದಿದ್ದರೆ ಗೇಟು. ಅಲ್ಲಿ ಸಣ್ಣದೊಂದು ಚರ್ಚೆಯಾಗುತ್ತದೆ: ಘೋಷಣೆ ಯಾವ ಭಾಷೆಯಲ್ಲಿ? ಕನ್ನಡದಲ್ಲಿ ಕೂಗಿದರೆ ಪಿಟಿಎಯ ಮಾವಂದಿರಿಗೆ ಖುಷಿ. ಆದರೆ ಕೇಳಬೇಕಾದ ಅಧಿಕಾರಿಗೂ, ಚಾನೆಲಿನ ಕ್ಯಾಮೆರಾದವನಿಗೂ, ಒಳಗೆ ಸ್ಟಾಫ್‌ರೂಮಿನಲ್ಲಿ ಕೂತ ಆ ಸಾರ್‌ಗೂ ಒಂದಕ್ಷರ ತಿಳಿಯದು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕೊಡೆ ಮಡಚಿ ತೀರ್ಮಾನ ಕೊಡುತ್ತಾಳೆ, "ಮಲಯಾಳದಲ್ಲೇ ಕೂಗುವ." ಎಲ್ಲರೂ ಒಟ್ಟಿಗೆ ಕೂಗುತ್ತಾರೆ: "ಞಙ್ಙಳ್ಕ್ ಕನ್ನಡ ವೇಣಂ!" ನಮಗೆ ಕನ್ನಡ ಬೇಕು. ಸಾರ್ ಕಿಟಕಿಯ ಬಳಿ ಬಂದು ತಲೆಯಾಡಿಸುತ್ತಾರೆ. ಆ ವರ್ಷ ಆ ಶಾಲೆಯಲ್ಲಿ ಅವರಿಗೂ ಮಕ್ಕಳಿಗೂ ಒಟ್ಟಿಗೆ ಅರ್ಥವಾದ ಮೊದಲ ವಾಕ್ಯ ಅದು.